ಅತ್ತೆ ಸೊಸೆ ತಿಕ್ಕಿದ ಕಾರು

ನನ್ನ ಗಂಡನ ಎರಡೂ ಅಂಗೈಗಳು ಊದಿ ಪೂರಿಯಂತಾಗದೆ ಹೋಗಿದ್ದರೆ ನಾನು ಜೀವಮಾನದಲ್ಲಿ ಒಂದು ಕಾರನ್ನೂ ಮುಟ್ಟುತ್ತಿರಲಿಲ್ಲ. ನನ್ನ ತವರು ಸಂತೆಕಲ್ಲೂರು. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಕಾರು ಬಂತೆಂದರೆ ಚುನಾವಣೆ ಬಂತು ಎಂದೇ ಅರ್ಥ. ಅದರ ಹಿಂದೆ ಓಡಿ ಧೂಳು ಕುಡಿಯುವುದಷ್ಟೇ ನಮ್ಮ ಪಾಲಿನ ಕೆಲಸ. ಸಿಂಧನೂರಿನ ಗಂಡಿನ ಮನೆಯವರದು ಬಣ್ಣದ ಕೆಲಸ ಎಂದು ಹೇಳಿದಾಗ, ಗೋಡೆಗೆ ಸುಣ್ಣ ಬಳಿಯುವವರಿರಬೇಕು ಎಂದುಕೊಂಡೇ ನಾನು ತಾಳಿ ಕಟ್ಟಿಸಿಕೊಂಡಿದ್ದೆ.

ಬಂದು ನೋಡಿದರೆ ಅವರದು ಗಾಡಿಗಳ ಬಣ್ಣ. ಗಂಗಾವತಿ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಬೆನ್ನಿಗೆ ಮನೆ, ರಸ್ತೆ ದಾಟಿದರೆ ಎದುರಿಗೇ ಅಕ್ಕಿ ಗಿರಣಿ. ಮಾವನವರು ಮೂವತ್ತು ವರ್ಷಗಳಿಂದ ಲಾರಿ, ಟ್ರ್ಯಾಕ್ಟರ್, ಜೀಪುಗಳಿಗೆ ಬಣ್ಣ ಹೊಡೆಯುತ್ತಾ ಬಂದವರು. ಲಾರಿಗಳ ಬೆನ್ನಿಗೆ ಅವರು ಬರೆದ ಹದ್ದುಗಳು ಅವರು ಕಾಣದ ಊರುಗಳನ್ನೆಲ್ಲ ನೋಡಿ ಬಂದಿದ್ದವು. ಅವರ ಪ್ರಕಾರ ಬಣ್ಣ ಒಣಗಿತೆಂದರೆ ಕೆಲಸ ಮುಗಿಯಿತು. ಆಮೇಲೆ ಮಾಡಬೇಕಾದದ್ದು ಕೈ ತೊಳೆದು ಚಹಾ ಕುಡಿಯುವುದು ಮಾತ್ರ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ನನ್ನ ಗಂಡ ಹೊಸ ಬಗೆಯ ಬಣ್ಣದ ಕೆಲಸ ಕಲಿಯಲು ಹೈದರಾಬಾದಿಗೆ ಹೋಗಿ ಆರು ತಿಂಗಳು ಇದ್ದು ಬಂದರು. ಬರುವಾಗ ಬಣ್ಣ ಸಿಂಪಡಿಸುವ ಒಂದು ಹೊಸ ಗನ್ನು, ನಾಲ್ಕು ಡಬ್ಬಿ ಮತ್ತು ಬಾಯಿ ತುಂಬ ಹೊಸ ಮಾತು ತಂದರು. ಬಂದ ದಿನವೇ ಊಟಕ್ಕೆ ಕೂತಾಗ ಶುರುವಾಯಿತು.

"ಯಪ್ಪಾ, ಇನ್ನ ಮ್ಯಾಲೆ ಬಣ್ಣ ಒಣಗಿದ ಮ್ಯಾಲೇನ ಕೆಲಸ ಚಾಲೂ ಆಗೂದು," ಎಂದರು ನನ್ನ ಗಂಡ. "ಬಣ್ಣದ ಮ್ಯಾಲೆ ಕ್ಲಿಯರ್ ಅಂತ ಹೊಡಿತಾರ. ನೀರಿನಂಗ ಇರತೈತಿ, ಅದಕ್ಕ ಯಾವ ಬಣ್ಣಾನೂ ಇಲ್ಲ. ಅದು ಒಣಗಿದ ಮ್ಯಾಲೆ ತಿಕ್ಕಿ ತಿಕ್ಕಿ ಸಪಾಟ್ ಮಾಡಬೇಕು. ಆಮ್ಯಾಲೆ ಪಾಲಿಶ್. ಹೈದರಾಬಾದಿನ್ಯಾಗ ಬಾನೆಟ್ ಮುಂದ ನಿಂತು ದಾಡಿ ಮಾಡ್ಕೊಂತಾರ."

"ಯಾಕ, ಅವರ ಮನ್ಯಾಗ ಕನ್ನಡಿ ಇಲ್ಲೇನು?" ಎಂದರು ಮಾವ.

"ಕನ್ನಡಿಗಿಂತ ಚಲೋ ಕಾಣ್ತೈತಿ ಯಪ್ಪಾ."

"ಹೊಡದಿದ್ದನ್ನ ತಿಕ್ಕಿ ತೆಗಿಯೂದಿದ್ರ ಹೊಡಿಯೂದ್ಯಾಕಲೇ? ಹುಚ್ಚ ಹಿಡದೈತೇನು ನಿನಗ?"

ಅತ್ತೆ ಇಬ್ಬರಿಗೂ ಸಾರು ಬಡಿಸಿದರು. ಅವರು ಮಾತಾಡುವುದೇ ಕಡಿಮೆ. ನಗುವುದಂತೂ ನಾನು ಕಂಡೇ ಇರಲಿಲ್ಲ. ಆ ಮನೆಗೆ ಬಂದು ಒಂದೂವರೆ ವರ್ಷವಾಗಿದ್ದರೂ ಅವರ ಬಾಯಲ್ಲಿ ಎಷ್ಟು ಹಲ್ಲಿವೆ ಎಂಬುದು ನನಗೆ ತಿಳಿದಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಎದುರಿನ ಗಿರಣಿಯ ಸಾಹುಕಾರರು ತಮ್ಮ ಕಾರನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಇವರು ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಮನೆತನದವರು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ತೆಲುಗು ಹೊರಬೀಳುತ್ತಿತ್ತು. ಅವರ ಮಗಳ ಮದುವೆ ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಗೊತ್ತಾಗಿತ್ತು. ಗಂಡಿನ ಮನೆ ಮಸ್ಕಿ. ಮದುಮಗನನ್ನು ಮಸ್ಕಿಯಿಂದ ಲಿಂಗಸುಗೂರಿಗೆ ಇದೇ ಕಾರಿನಲ್ಲಿ ಕರೆದೊಯ್ಯಬೇಕು. ಬಿಳಿ ಬಣ್ಣ ಮಾಸಿ ಹಳೆಯ ದಿಂಬಿನ ಹಾಗಾಗಿದ್ದ ಆ ಕಾರನ್ನು ತೋರಿಸಿ, "ಹೊಳೀಬೇಕು. ಮಸ್ಕಿ ಮಂದಿ ಕಣ್ಣ ಮುಚ್ಚಿಗೋಬೇಕು," ಎಂದರು.

ನನ್ನ ಗಂಡ ಕುಣಿಯುವುದೊಂದು ಬಾಕಿ. ಮದುವೆಗೆ ಹನ್ನೆರಡು ದಿನವಿತ್ತು. ಹಳೆಯ ಬಣ್ಣ ಕೆರೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ತಳಬಣ್ಣ ಕೊಟ್ಟು, ಮಳೆ ಬರುವ ಮುಂಚಿನ ಮೋಡದಂಥ ಮಿನುಗುವ ಬೂದು ಬಣ್ಣ ಹೊಡೆದರು. ಕೊನೆಗೆ ಕ್ಲಿಯರ್ ಹೊಡೆಯುವ ದಿನ ಬಂತು. ಧೂಳು ಏಳದಿರಲಿ ಎಂದು ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿದ್ದಾಯಿತು. ತೆರೆದ ಬದಿಗೆ ನನ್ನ ಮತ್ತು ಅತ್ತೆಯ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಪರದೆ ಕಟ್ಟಿದ್ದಾಯಿತು. ಮೂಗಿಗೆ ಟವೆಲ್ಲು ಸುತ್ತಿಕೊಂಡು ಅವರು ಗನ್ನು ಹಿಡಿದರು. ನಾನು ಸೀರೆಯ ಸಂದಿಯಿಂದ ಇಣುಕಿ ನೋಡುತ್ತಿದ್ದೆ. ಕಾರಿನ ಮೇಲೆ ನೀರು ಹರಿದು ಅಲ್ಲೇ ನಿಂತುಬಿಟ್ಟ ಹಾಗೆ ಕಾಣುತ್ತಿತ್ತು.

ಅದೇ ಹೊತ್ತಿಗೆ ಗಾಳಿ ತಿರುಗಿತು. ಎದುರಿನ ಗಿರಣಿಯವರು ಭತ್ತದ ಹೊಟ್ಟನ್ನು ಹೊರಗೆ ಊದುತ್ತಿದ್ದರು. ಅದು ದಿನವೂ ಊರಾಚೆ ಹಾರಿಹೋಗುವ ಹೊಟ್ಟು. ಆ ದಿನ ರಸ್ತೆ ದಾಟಿ, ಸೀರೆಗಳನ್ನು ದಾಟಿ ಒಳಗೆ ಬಂದು, ಒದ್ದೆ ಕ್ಲಿಯರಿನ ಮೇಲೆ ಸಾವಕಾಶವಾಗಿ ಕೂತುಕೊಂಡಿತು. ಬಾನೆಟ್ಟು, ಛಾವಣಿ, ಡಿಕ್ಕಿ, ಎಲ್ಲೆಲ್ಲೂ ಹೊಂಬಣ್ಣದ ಚುಕ್ಕೆ. ಸಾಹುಕಾರರ ಕಾರಿಗೆ ಸಾಹುಕಾರರದೇ ಗಿರಣಿಯ ಹೊಟ್ಟು! ನನ್ನ ಗಂಡ ಗನ್ನು ಹಿಡಿದುಕೊಂಡೇ ಒದ್ದೆ ನೆಲದ ಮೇಲೆ ಕುಕ್ಕರಿಸಿದರು.

ಮಾವ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಚಲೋ ಆಗೈತಿ. ನಾಕ್ ದಿನ ಬಿಟ್ರ ನಾಟಿ ಏಳ್ತೈತಿ," ಎಂದು ಹೇಳಿ ಹೊರಗೆ ಹೋದರು.

"ಆಗ್ಲಿ ಬಿಡ್ರಿ," ಎಂದೆ ನಾನು ಗಂಡನಿಗೆ. "ಹೆಂಗೂ ತಿಕ್ಕೂದೈತಿ ಅಂದ್ರಲ್ಲ, ತಿಕ್ಕಿದ್ರ ಹೋಗ್ತೈತಿಲ್ಲೋ?"

"ಹೋಗ್ತೈತಿ," ಎಂದರು ಅವರು. ಮುಖದಲ್ಲಿ ಸ್ವಲ್ಪ ಜೀವ ಬಂತು. "ಮ್ಯಾಲೆ ಕುಂತೈತಿ ಅಷ್ಟ, ಬಣ್ಣಕ್ಕ ಮುಟ್ಟಿಲ್ಲ. ಎಲ್ಡ ದಿನ ಬಿಸಿಲಿಗೆ ಒಣಗ್ಲಿ, ತಿಕ್ಕಿ ಬಿಡ್ತೀನಿ."

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವರ ಅಂಗೈಗಳು ಊದಿ ಕೆಂಪಗಾಗಿದ್ದವು. ಗಟ್ಟಿಯಾಗಲೆಂದು ಕ್ಲಿಯರಿಗೆ ಬೆರೆಸುವ ಹಾರ್ಡನರ್ ಕೈಗೆ ಚೆಲ್ಲಿಕೊಂಡು, ಅದನ್ನು ಥಿನ್ನರಿನಿಂದ ಉಜ್ಜಿ ತೊಳೆದಿದ್ದರು. ಸಂಜೆಯ ಹೊತ್ತಿಗೆ ಗುಳ್ಳೆಗಳೆದ್ದವು. ಡಾಕ್ಟರು ಮುಲಾಮು ಹಚ್ಚಿ ಪಟ್ಟಿ ಸುತ್ತಿ, ಹತ್ತು ದಿನ ನೀರು ಮುಟ್ಟಬಾರದು ಎಂದರು. ಮದುವೆಗೆ ಉಳಿದಿದ್ದದ್ದು ಆರು ದಿನ. ಕ್ಲಿಯರ್ ತಿಕ್ಕುವ ಕೆಲಸವೋ ಪೂರಾ ನೀರಿನದು. ಮಾವನನ್ನು ಕೇಳಿದರೆ, "ನಾ ಬಣ್ಣ ಹೊಡಿಯಾಂವ, ಬಣ್ಣ ತೆಗಿಯಾಂವ ಅಲ್ಲ," ಎಂದು ಮುಖ ತಿರುಗಿಸಿದರು.

ಮರುದಿನ ಮಧ್ಯಾಹ್ನ ನಾನು ಗಂಡನಿಗೆ ರೊಟ್ಟಿ ಮುರಿದು ತಿನ್ನಿಸಲು ಶೆಡ್ಡಿಗೆ ಹೋದೆ. ಅವರು ಕಾರನ್ನೇ ದಿಟ್ಟಿಸುತ್ತಾ ಕೂತಿದ್ದರು. ತಿನ್ನಿಸಿ ಮುಗಿದ ಮೇಲೆ, ಸುಮ್ಮನೆ, ಏನೆಂದರೆ ಏನೂ ಯೋಚಿಸದೆ, ಬಾನೆಟ್ಟಿನ ಮೇಲೆ ಕೈಯಾಡಿಸಿದೆ. ಹೊಟ್ಟು ಚುಚ್ಚುವುದಿರಲಿ, ಅದರ ಕೆಳಗಿನ ಮೈಯೇ ಮೋಸಂಬಿ ಸಿಪ್ಪೆಯ ಹಾಗೆ ಸಣ್ಣಗೆ ಏರಿಳಿಯುತ್ತಿತ್ತು.

"ಇಲ್ಲಿ ದಪ್ಪ ಐತಿ, ಇಲ್ಲಿ ತೆಳ್ಳಗ ಐತಿ," ಎಂದೆ.

ಅವರು ತಟ್ಟನೆ ಎದ್ದರು. "ನಿನಗ ಹೆಂಗ ಗೊತ್ತಾತು? ಕಣ್ಣಿಗೆ ಕಾಣೂದಿಲ್ಲಲ್ಲ ಅದು?"

"ರೊಟ್ಟಿ ಬಡಿಯೋರಿಗೆ ಗೊತ್ತಾಗೂದಿಲ್ಲೇನ್ರಿ? ಒಂದ್ ಕಡಿ ದಪ್ಪ ಉಳದ್ರ ಹಸೇನ ಉಳಿತೈತಿ."

ಅವರು ನನ್ನ ಕೈಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. ಆ ನೋಟ ಕಂಡು ನನಗೆ ಮುಂದಿನದು ತಿಳಿದುಹೋಯಿತು. ಅವರು ಇನ್ನೂ ಬಾಯಿ ತೆರೆದಿರಲಿಲ್ಲ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೆ.

ಕಲಿಸಲು ಕೈಯಿಲ್ಲದ್ದರಿಂದ ಅವರು ಬಾಯಲ್ಲೇ ಕಲಿಸಿದರು. ವಾಟರ್ ಪೇಪರ್ ಎಂದರೆ ನೀರಲ್ಲಿ ನೆನೆದರೂ ಹರಿಯದ ಉಪ್ಪುಕಾಗದ. ಅದಕ್ಕೆ ನಂಬರುಗಳಿವೆ. ಸಾವಿರದ ನಂಬರು ಒರಟು, ಒಂದೂವರೆ ಸಾವಿರ ಅದಕ್ಕಿಂತ ನಯ, ಎರಡು ಸಾವಿರ ಕೈಗೆ ಬರೀ ಕಾಗದದ ಹಾಗೆಯೇ ಹತ್ತುತ್ತದೆ. ಬಕೀಟಿನ ನೀರಿಗೆ ಒಂದಿಷ್ಟು ಸೋಪು ಕರಗಿಸಬೇಕು, ಇಲ್ಲದಿದ್ದರೆ ಕಾಗದ ಕಟ್ಟಿಕೊಳ್ಳುತ್ತದೆ. ಬೆರಳಿನಿಂದ ಒತ್ತಿ ತಿಕ್ಕಿದರೆ ಬೆರಳಿನಷ್ಟಗಲ ಕಾಲುವೆ ಬೀಳುತ್ತದೆ, ಆದ್ದರಿಂದ ಕಾಗದವನ್ನು ಮೆತ್ತನೆಯ ಸಪಾಟು ತುಂಡಿಗೆ ಸುತ್ತಿಕೊಳ್ಳಬೇಕು. ಹೈದರಾಬಾದಿನಲ್ಲಿ ಅದಕ್ಕೆಂದೇ ಮಾಡಿದ ರಬ್ಬರು ಸಿಗುತ್ತದಂತೆ. ನಮ್ಮಲ್ಲಿ ಸಿಕ್ಕಿದ್ದು ಹವಾಯಿ ಚಪ್ಪಲಿ. ಅಂಗಡಿಯಿಂದ ಹೊಸ ಜೋಡಿ ತಂದು, ಪಟ್ಟಿ ಕಿತ್ತು, ಅರ್ಧಕ್ಕೆ ಕೊಯ್ದೆ.

"ತಿಕ್ಕಿದ ನೀರು ಹಾಲಿನಂಗ ಬೆಳ್ಳಗ ಬರಬೇಕು," ಎಂದರು. "ಕಪ್ಪಗ ಬಂತಂದ್ರ ಕ್ಲಿಯರ್ ಹರದು ಬಣ್ಣಕ್ಕ ಮುಟ್ಟಿದಿ ಅಂತ ತಿಳಿ. ಅಂಚಿನ್ಯಾಗ ಹುಷಾರು, ಅಲ್ಲಿ ಕ್ಲಿಯರ್ ತೆಳ್ಳಗಿರತೈತಿ."

ಮೊದಲ ತಾಸಿನಲ್ಲಿ ಬಾನೆಟ್ಟಿನ ಕಾಲು ಭಾಗವೂ ಮುಗಿಯಲಿಲ್ಲ. ಹೀಗೇ ಹೋದರೆ ಈ ಮದುವೆಯಲ್ಲ, ಸಾಹುಕಾರರ ಮೊಮ್ಮಗಳ ಮದುವೆಗೆ ಕಾರು ತಯಾರಾಗುತ್ತದೆ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಶೆಡ್ಡಿನ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಕೆಲಸ ಬಿಟ್ಟು ಇಲ್ಲಿ ಏನು ಮಾಡುತ್ತಿದ್ದೀಯ ಎಂದು ಬೈಯಲು ಬಂದರೆಂದು ನಾನು ಹೆದರಿದೆ. ಅವರು ಬಕೀಟಿನಲ್ಲಿ ಇಣುಕಿ ನೋಡಿದರು.

"ಇದು ಕಾಲುವಿ ನೀರಲ್ಲ?"

"ಹೌದ್ರಿ ಅತ್ತಿ."

"ಇದ್ರಾಗ ಉಸುಕು ಐತಿ. ಉಸುಕು ಬಿದ್ರ ಗೀರು ಏಳೂದಿಲ್ಲೇನು? ಅಷ್ಟೂ ತಿಳಿಯೂದಿಲ್ಲ ನಿಮಗ."

ಹೋದವರು ಮಾವನ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಸೋಸಿದ ನೀರನ್ನು ಎರಡು ಕೊಡ ತಂದಿಟ್ಟರು. ಆಮೇಲೆ ನನ್ನ ಕೈಯಿಂದ ಚಪ್ಪಲಿ ಇಸಕೊಂಡು ನಾಲ್ಕು ಬಾರಿ ತಿಕ್ಕಿ ನೋಡಿದರು. ಐದನೆಯ ಬಾರಿಗೆ ಅವರ ಗಾಜಿನ ಬಳೆಗಳು ಬಾನೆಟ್ಟಿಗೆ ತಾಗಿ ಝಣ್ ಎಂದವು. ನನ್ನ ಗಂಡ ಪಟ್ಟಿ ಸುತ್ತಿದ ಎರಡೂ ಕೈ ಮೇಲೆತ್ತಿ ಕೂಗಿದರು, "ಯವ್ವಾ, ಬಳಿ ತೆಗಿ! ಗೀರು ಬೀಳ್ತಾವು!"

"ನಿಮ್ಮಪ್ಪ ಗಟ್ಟಿ ಇರೂವಾಗ ನಾ ಬಳಿ ತೆಗೀಲೇನೋ, ಬಾಡ್ಯಾ?" ಎಂದರು ಅತ್ತೆ.

ಆ ತಕರಾರು ಐದು ನಿಮಿಷ ನಡೆಯಿತು. ಕೊನೆಗೆ ಹಳೆಯ ಅಂಗಿಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಇಬ್ಬರ ಬಳೆಗಳ ಮೇಲೂ ಮೊಣಕೈವರೆಗೆ ಸುತ್ತಿಕೊಂಡೆವು. ನನ್ನ ಗಂಡನ ಕೈಗೆ ಪಟ್ಟಿ, ಅತ್ತೆಯ ಕೈಗೆ ಪಟ್ಟಿ, ನನ್ನ ಕೈಗೆ ಪಟ್ಟಿ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಏನ್ರವ್ವಾ, ಮನಿ ಮಂದಿಗೆಲ್ಲಾ ಕೈ ಸುಟ್ಟಾವೇನು?" ಎಂದು ಕನಿಕರದಿಂದ ಕೇಳಿದಳು. ಅತ್ತೆಯ ಭುಜ ಅಲುಗಿತು. ಅಳುತ್ತಿದ್ದಾರೆಂದು ತಿರುಗಿ ನೋಡಿದರೆ, ನಗುತ್ತಿದ್ದರು! ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲಿರಲಿಲ್ಲ. ಆ ಸಂದಿಯಿಂದ ನಗು ಸೀಟಿಯ ಹಾಗೆ ಹೊರಬರುತ್ತಿತ್ತು. ಅದನ್ನು ಕೇಳಿ ನನಗೂ ತಡೆಯಲಾಗಲಿಲ್ಲ.

ಆಮೇಲಿನ ಮೂರು ದಿನ ನಮ್ಮಿಬ್ಬರಿಗೆ ಏನಾಗಿತ್ತೋ ನನಗೆ ಈಗಲೂ ಹೇಳಲು ಬರುವುದಿಲ್ಲ. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ ಓಡುತ್ತಿದ್ದೆವು. ಕಾರಿನ ಈ ಬದಿ ನಾನು, ಆ ಬದಿ ಅವರು. ನೀರು ಚಿಮುಕಿಸುವುದು, ತಿಕ್ಕುವುದು, ಒರೆಸಿ ನೋಡುವುದು. ಒರೆಸಿದಾಗ ಎತ್ತರದ ಜಾಗ ಮಂಕಾಗಿ, ತಗ್ಗಿನ ಜಾಗ ಸಣ್ಣ ಸಣ್ಣ ಹೊಳೆಯುವ ಚುಕ್ಕೆಯಾಗಿ ಉಳಿದಿರುತ್ತಿತ್ತು. ಆ ಚುಕ್ಕೆಗಳು ಹೋಗುವವರೆಗೆ ಮತ್ತೆ ತಿಕ್ಕಬೇಕು. ಹೊಟ್ಟಿನ ಚೂರುಗಳು ಒಂದೊಂದಾಗಿ ಕಿತ್ತು ಬೆಳ್ಳನೆಯ ನೀರಲ್ಲಿ ತೇಲಿ ಹೋಗುತ್ತಿದ್ದವು. ಅತ್ತೆ ತಮ್ಮ ಮದುವೆಯ ಕಥೆ ಹೇಳಿದರು. ಮಾವ ಹೆಣ್ಣು ನೋಡಲು ಬಂದಾಗ ಕಿವಿಯಲ್ಲಿ ಹಸಿರು ಬಣ್ಣ ಉಳಿದಿತ್ತಂತೆ, ಅದನ್ನು ಕಂಡು ಇವರು ರೋಗವೆಂದು ಹೆದರಿದ್ದರಂತೆ. ಅವರು ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಾಗಿ ಬಾಗಿ ತಲೆಗೆ ರಕ್ತ ಏರಿತ್ತೋ ಏನೋ, ಇಬ್ಬರಿಗೂ ಕಂಡದ್ದಕ್ಕೆಲ್ಲ ನಗು. ಸೋಪು ಜಾರಿ ಬಕೀಟಿಗೆ ಬಿದ್ದರೆ ನಗು. ಇಬ್ಬರ ತಲೆ ಬಾನೆಟ್ಟಿನ ನಡುವೆ ಢೀ ಎಂದಾಗಲಂತೂ ಕಾರಿಗೆ ಒರಗಿ ಕೂತು ನಕ್ಕೆವು. ನನ್ನ ಗಂಡ ಗಾಬರಿಯಿಂದ, "ಒರಗಬ್ಯಾಡ್ರಿ, ಒರಗಬ್ಯಾಡ್ರಿ," ಎಂದು ಸುತ್ತ ಓಡಾಡುತ್ತಿದ್ದರು.

ಎರಡನೆಯ ದಿನ ಸಂಜೆ ಆ ನಗುವಿನಲ್ಲೇ ನಾನು ಮೈಮರೆತೆ. ಬಾನೆಟ್ಟಿನ ಮುಂದಿನ ಅಂಚಿನಲ್ಲಿ ನನ್ನ ಕಾಗದದ ಕೆಳಗಿನಿಂದ ಬೂದು ನೀರು ಇಳಿಯಿತು. ಒರೆಸಿದೆ. ಕಿರುಬೆರಳಿನಷ್ಟು ಉದ್ದಕ್ಕೆ ಕ್ಲಿಯರ್ ಹರಿದು, ಬಣ್ಣವೂ ಹೋಗಿ, ತಳ ಇಣುಕುತ್ತಿತ್ತು. ಗಂಡ ನೋಡಿ, ತಮ್ಮ ಪಟ್ಟಿ ಕಟ್ಟಿದ ಕೈಗಳನ್ನು ನೋಡಿಕೊಂಡರು. ಗನ್ನು ಹಿಡಿಯಲು ಅವರಿಗಾಗದು.

ಅತ್ತೆ ಶೆಡ್ಡಿನ ಹಿಂಬಾಗಿಲಿಗೆ ಹೋಗಿ ಮನೆಯ ಕಡೆಗೆ ಕೂಗಿದರು, "ಏನ್ರೀ, ಬರ್ರಿ ಇಲ್ಲಿ. ನಿಮ್ಮ ಕೆಲಸ ಬಂದೈತಿ."

ಮಾವ ಬಂದರು. ಬಗ್ಗಿ ಅಂಚನ್ನು ನೋಡಿದರು. ಲಾರಿಯ ಹದ್ದುಗಳಿಗೆ ಕಣ್ಣು ಬರೆಯುವ ತಮ್ಮ ಕೂದಲೆಳೆಯ ಕುಂಚ ತರಿಸಿದರು. ಉಳಿದಿದ್ದ ಬೂದು ಬಣ್ಣವನ್ನು ತೆಳ್ಳಗೆ ಮಾಡಿ, ಉಸಿರು ಹಿಡಿದು, ಚುಕ್ಕೆ ಚುಕ್ಕೆಯಾಗಿ ಇಟ್ಟರು. ಒಣಗಿದ ಮೇಲೆ ಅದರ ಮೇಲೆ ಕ್ಲಿಯರನ್ನೂ ಹಾಗೆಯೇ ಇಟ್ಟರು. ಎಲ್ಲ ಮುಗಿಸಿ ಎದ್ದು, ಮಂಕಾಗಿ ಸಪಾಟಾಗಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಮತ್ತೊಮ್ಮೆ ಎಳೆದರು.

"ಬೆಣ್ಣಿ ಆಗೈತಲ್ಲಲೇ," ಎಂದರು ಮಗನಿಗೆ. "ಯಾರು ತಿಕ್ಕ್ಯಾರ ಇದನ್ನ?"

"ನಿನ್ನ ಸೊಸಿ. ಈ ಕಡಿ ಯವ್ವ."

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಬೇಕೆಂದೇ ಬೇರೆ ಕಡೆ ನೋಡುತ್ತಾ ಕಾಗದ ಹಿಂಡುತ್ತಿದ್ದರು, ಕಿವಿಯವರೆಗೆ ಕೆಂಪಾಗಿದ್ದರು.

ಮರುದಿನ ಎರಡು ಸಾವಿರದ ಕಾಗದದ ಕೆಲಸವೂ ಮುಗಿಯಿತು. ಇನ್ನು ಉಳಿದದ್ದು ಕಾಂಪೌಂಡ್ ಎಂಬ ಉಜ್ಜುವ ಲೇಪ ಮತ್ತು ಪಾಲಿಶ್. ಕಾಂಪೌಂಡಿನ ಡಬ್ಬಿಯೊಂದು ಮನೆಯಲ್ಲಿತ್ತು. ಅದರ ನಂತರ ಹಚ್ಚುವ ನಯವಾದ ಪಾಲಿಶ್ ಮತ್ತು ಮೆತ್ತನೆಯ ಬಟ್ಟೆ ತರಲು ನನ್ನ ಗಂಡ ಲಿಂಗಸುಗೂರಿನ ಬಸ್ಸು ಹತ್ತಿದರು. "ನಾ ಬರೂತನಕ ಕಾಂಪೌಂಡ್ ಮುಟ್ಟಬ್ಯಾಡ್ರಿ," ಎಂದು ಎರಡು ಸಲ ಹೇಳಿ ಹೋದರು.

ಅವರ ಬಸ್ಸು ಊರು ದಾಟಿತ್ತೋ ಇಲ್ಲವೋ, ಸಾಹುಕಾರರು ಬಂದರು. ಪಾಲಿಶ್ ಮಾಡುವ ಮುಂಚಿನ ಕಾರನ್ನು ನೀವು ನೋಡಬೇಕು. ಹೊಳಪೆಂಬುದು ಒಂದಿಷ್ಟೂ ಇರುವುದಿಲ್ಲ, ಮೈತುಂಬ ಬೂದಿ ಬಳಿದ ಹಾಗಿರುತ್ತದೆ. ಅದರ ಎರಡು ಬದಿಗೆ ಕೈಗೆ ಚಿಂದಿ ಸುತ್ತಿಕೊಂಡ ಇಬ್ಬರು ಹೆಂಗಸರು.

"ಏಮಮ್ಮಾ ಇದಿ?" ಎಂದು ಚೀರಿದರು ಸಾಹುಕಾರರು. ತೆಲುಗು ಹೊರಬಿದ್ದಿತ್ತು. "ನಾ ಕಾರು! ಮೊನ್ನೆ ಗಿರಣಿಯಿಂದ ನೋಡಿದಾಗ ಮಿಂಚಾಕತ್ತಿತ್ತಲ್ಲ! ಈಗ ಕೆಸರಿನ್ಯಾಗ ಹೊರಳ್ಯಾಡಿದ ಎಮ್ಮಿ ಆಗೈತಿ! ಅದೇನದು ಕೈಯಾಗ?"

ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದರು, "ಚಪ್ಲಿರೀ."

"ಚಪ್ಲಿ! ಪೂಜಿ ಮಾಡೋ ಗಾಡಿಗೆ ಚಪ್ಲಿ!"

"ಹೊಸಾವು ಅದಾವ್ರಿ ಸಾವ್ಕಾರ್ರೆ. ಯಾರ ಕಾಲೂ ಕಂಡಿಲ್ಲ," ಎಂದರು ಅತ್ತೆ. ಅಷ್ಟು ಹೇಳಿ ನನ್ನ ಕಡೆ ನೋಡಬಾರದಿತ್ತು, ನೋಡಿದರು. ನನ್ನ ಹೊಟ್ಟೆಯಿಂದ ನಗು ಉಕ್ಕಿತು. ಸಾಹುಕಾರರ ಮುಖ ಕೆಂಡವಾಯಿತು. ಮಗಳ ಮದುವೆಗೆ ಎರಡೇ ದಿನ ಉಳಿದಿರುವಾಗ ಯಾರಿಗಾದರೂ ಸಿಟ್ಟು ಬಂದೀತು. ಕಾರನ್ನು ಈಗಲೇ ತೆಗೆದುಕೊಂಡು ಹೋಗುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದರು.

ನನಗೆ ಬೇರೆ ದಾರಿ ತೋಚಲಿಲ್ಲ. "ಒಂದ ನಿಮಿಷ ನಿಂದರ್ರಿ," ಎಂದು ಹೇಳಿ ಕಾಂಪೌಂಡ್ ಡಬ್ಬಿಯ ಮುಚ್ಚಳ ತೆಗೆದೆ. ಗಂಡ ಬೇಡವೆಂದದ್ದು ನೆನಪಿತ್ತು, ಆದರೂ ತೆಗೆದೆ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು, ಮಡಿಚಿದ ಧೋತರದ ತುಂಡಿಗೆ ಹಚ್ಚಿ, ಬಾನೆಟ್ಟಿನ ನಟ್ಟನಡುವೆ ಅಂಗೈಯಗಲ ಜಾಗದಲ್ಲಿ ಸುತ್ತು ಸುತ್ತಾಗಿ ಉಜ್ಜತೊಡಗಿದೆ. ಏನೂ ಆಗಲಿಲ್ಲ. ಇನ್ನೂ ಉಜ್ಜಿದೆ. ಬಟ್ಟೆ ಬೆಚ್ಚಗಾಯಿತು. ಸಾಹುಕಾರರು ಗಡಿಯಾರ ನೋಡಿಕೊಂಡರು. ಅದು ಹೊಳೆಯುತ್ತದೆಂದು ನಾನೂ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಬೇರೆ ಒಣ ಬಟ್ಟೆ ತೆಗೆದುಕೊಂಡು ಒರೆಸಿದೆ.

ಬೂದು ಬಾನೆಟ್ಟಿನ ನಡುವೆ ಒಂದು ತೂತು ಬಿದ್ದು ಅದರೊಳಗೆ ಆಕಾಶ ಕಂಡ ಹಾಗಾಯಿತು. ಶೆಡ್ಡಿನ ತಗಡು, ತಗಡಿನ ಮೊಳೆ, ಮೊಳೆಯ ಪಕ್ಕದ ಜೇಡ, ಎಲ್ಲ ಅದರಲ್ಲಿದ್ದವು. ನಾನು ಬಗ್ಗಿದೆ. ನನ್ನ ಮೂಗುಬೊಟ್ಟು ಕಂಡಿತು. ಅತ್ತೆ ನನ್ನನ್ನು ಪಕ್ಕಕ್ಕೆ ನೂಕಿ ತಾವು ಬಗ್ಗಿದರು. "ಯವ್ವಾ, ನನ್ನ ಕುಂಕಮ ವಾರಿ ಆಗೈತಿ ನೋಡು!" ಎಂದು ಅಲ್ಲೇ ಕಾರಿನಲ್ಲಿ ನೋಡಿಕೊಂಡು ಕುಂಕುಮ ಸರಿಪಡಿಸಿಕೊಂಡರು. ಸಾಹುಕಾರರು ಮೆಲ್ಲಗೆ ಬಂದು ಮುಖ ಹತ್ತಿರ ತಂದರು. ಅವರ ಮೀಸೆಯ ಒಂದೊಂದು ಕೂದಲೂ ಕಂಡಿತು. ಬಹಳ ಹೊತ್ತು ನೋಡಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು.

"ಉಳಿದಿದ್ದೂ ಹಿಂಗ ಆಗ್ತೈತೇನಮ್ಮಾ?"

"ಆಗ್ತೈತ್ರಿ. ಆದ್ರ ಎಲ್ಡ ದಿನ ಐತಿ, ನಾಕ ಕೈ ಅದಾವು."

ಸಾಹುಕಾರರು ವಾಚು ಬಿಚ್ಚಿ ಜೇಬಿಗೆ ಹಾಕಿದರು. ಉಂಗುರ ಬಿಚ್ಚಿದರು. ಬಿಳಿ ಅಂಗಿಯ ತೋಳು ಮಡಿಚಿ, "ಒಂದ್ ಬಟ್ಟಿ ಕೊಡಮ್ಮಾ," ಎಂದರು. ನನ್ನ ಗಂಡ ಸಂಜೆ ಪಾಲಿಶ್ ಹಿಡಿದುಕೊಂಡು ಬಂದಾಗ ಗಿರಣಿಯ ಸಾಹುಕಾರರು ಡಿಕ್ಕಿ ಉಜ್ಜುತ್ತಿದ್ದರು, ಮಾವ ಅವರಿಗೆ ಬಟ್ಟೆ ಹಿಡಿಯುವ ರೀತಿ ಹೇಳಿಕೊಡುತ್ತಿದ್ದರು, ನಾವಿಬ್ಬರೂ ಬಾಗಿಲಿಗೊಬ್ಬರಂತೆ ಕೂತು ಉಜ್ಜುತ್ತಿದ್ದೆವು. ಅವರು ಡಬ್ಬಿ ಕೆಳಗಿಟ್ಟು ನಮ್ಮ ನಾಲ್ವರನ್ನೂ ನೋಡಿದರು. ಆಮೇಲೆ ಬಾನೆಟ್ಟಿನಲ್ಲಿ ತಮ್ಮನ್ನೇ ನೋಡಿ, ಹಲ್ಲು ಕಿರಿದು, ಪಟ್ಟಿ ಕಟ್ಟಿದ ಕೈಯಿಂದಲೇ ಕ್ರಾಪು ತೀಡಿಕೊಂಡರು.

ಮದುವೆಯ ದಿನ ಸಾಹುಕಾರರು ನಮ್ಮನ್ನೂ ಆ ಕಾರಿನಲ್ಲೇ ಮಸ್ಕಿಯವರೆಗೆ ಕೂರಿಸಿದರು. ದಾರಿಯಲ್ಲಿ ಧೂಳು ಕೂತರೆ ಒರೆಸಬೇಕಲ್ಲ, ಅದಕ್ಕೆ. ಗೊರೇಬಾಳ ದಾಟುವಾಗ ಗದ್ದೆಯ ಹಸಿರೆಲ್ಲ ಬಾನೆಟ್ಟಿನ ಮೇಲೆ ಹರಿಯುತ್ತಿತ್ತು. ಬೆಳ್ಳಕ್ಕಿಯೊಂದು ಮೇಲೆ ಹಾರಿದರೆ ಕೆಳಗೂ ಒಂದು ಹಾರಿತು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನೇ ನೋಡುತ್ತಿದ್ದರು.

ಮಸ್ಕಿ ಇನ್ನೇನು ಬಂತು ಎನ್ನುವಾಗ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಕಾರು ನಿಂತಿತು. ಕುರಿಗಳು ಸುತ್ತುವರಿದು ಸಾಗುತ್ತಿದ್ದಾಗ ದಪ್ಪ ಕೊಂಬಿನ ಟಗರೊಂದು ಹಿಂದಿನ ಬಾಗಿಲ ಮುಂದೆ ಗಕ್ಕನೆ ನಿಂತಿತು. ಬಾಗಿಲೊಳಗಿಂದ ಇನ್ನೊಂದು ಟಗರು ಅದನ್ನು ದುರುಗುಟ್ಟಿ ನೋಡುತ್ತಿತ್ತು. ಇದು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು, ಅದೂ ಸರಿಯಿತು. ಇದು ತಲೆ ತಗ್ಗಿಸಿತು.

"ಯವ್ವಾ, ಗುದ್ದತೈತಿ!" ಎಂದು ನನ್ನ ಗಂಡ ಚೀರುವಷ್ಟರಲ್ಲಿ ಅತ್ತೆ ಈಚೆ ಬಾಗಿಲಿಂದ ಇಳಿದು, ಕಾರು ಸುತ್ತಿ ಓಡಿ, ಎರಡೂ ಕೈ ಚಾಚಿ ಸೆರಗು ಹರಡಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಮದುವೆಗೆಂದು ಉಟ್ಟ ಹಸಿರು ಸೀರೆ. "ಬಾ, ನೋಡೂಣು! ಮೂರ ದಿನ ತಿಕ್ಕೀನಿ ಇದನ್ನ!" ಎಂದು ಟಗರಿಗೆ ಸವಾಲು ಹಾಕಿದರು.

ಎದುರಾಳಿ ಮಾಯವಾದದ್ದು ಕಂಡು ಟಗರು ತಬ್ಬಿಬ್ಬಾಯಿತು. ಕುರಿಗಾರ ಓಡಿ ಬಂದು ಅದರ ಕೊಂಬು ಹಿಡಿದು, "ಸಿಟ್ಟಾಗಬ್ಯಾಡ ಯವ್ವಾ, ಅದಕ್ಕ ನಿನ್ನ ಮ್ಯಾಲೆ ಸಿಟ್ಟಿಲ್ಲ, ಬಾಗಲಾಗಿನ ಟಗರಿನ ಮ್ಯಾಲೆ ಐತಿ," ಎಂದು ಸಮಾಧಾನ ಮಾಡಿದ. ಆಮೇಲೆ ತಾನೂ ಬಾಗಿಲಲ್ಲಿ ನೋಡಿ ರುಮಾಲು ಸರಿ ಮಾಡಿಕೊಂಡ. ಮಸ್ಕಿಯಲ್ಲೂ ಅದೇ ಆಯಿತು. ಬೀಗರು ಕಾರಿನ ಸುತ್ತ ಸಾಲಾಗಿ ನಿಂತು ತಲೆ ಬಾಚಿಕೊಂಡರು. ಮದುಮಗ ಬಾಸಿಂಗ ಸರಿಯಿದೆಯೇ ಎಂದು ಬಾನೆಟ್ಟಿಗೆ ಬಗ್ಗಿ ನೋಡಿ ನೋಡಿ, ಹೊರಡುವ ಹೊತ್ತು ಮೀರುತ್ತಿದೆ ಎಂದು ಹಿರಿಯರಿಂದ ಬೈಸಿಕೊಂಡ.

ಆಮೇಲೆ ನಮಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ಗಂಡನ ಕೈ ವಾಸಿಯಾಗಿ ಹೊಸ ತೊಗಲು ಬಂತು. ಗನ್ನು ಅವರದು, ಅಂಚು ತಿದ್ದುವುದು ಮಾವನದು, ತಿಕ್ಕುವುದು ನಮ್ಮದು ಎಂದಾಯಿತು. ಮಾಲೀಕರು ಬಂದು, "ಹೆಣ್ಮಕ್ಕಳೇ ತಿಕ್ಕಬೇಕು ನೋಡ್ರಿ," ಎಂದು ಹೇಳಿ ಹೋಗುತ್ತಿದ್ದರು. ಕೆಲವು ವರ್ಷಗಳ ನಂತರ ತಿಕ್ಕುವ ಯಂತ್ರವೂ ಬಂತು, ಅದನ್ನು ಹಿಡಿಯುವುದನ್ನೂ ನಾನು ಕಲಿತೆ. ಅತ್ತೆ ಕೊನೆಯವರೆಗೂ ಚಪ್ಪಲಿಯನ್ನೇ ನಂಬಿದರು.

ಆ ಮದುವೆಯಾದ ಮರು ತಿಂಗಳು ಲಿಂಗಸುಗೂರಿನಿಂದ ಡಾಕ್ಟರೊಬ್ಬರು ಹೇಳಿ ಕಳಿಸಿದರು. ಅವರ ಕಾರಿನ ಬಾಗಿಲಿಗೆ ಸಣ್ಣ ಸಣ್ಣ ಗೀರುಗಳು ಬಿದ್ದಿದ್ದವು, ತಿಕ್ಕಿ ಪಾಲಿಶ್ ಮಾಡಿದರೆ ಸಾಕಿತ್ತು. ಗಂಡನಿಗೆ ಶೆಡ್ಡಿನಲ್ಲಿ ಬೇರೆ ಕೆಲಸವಿತ್ತು. "ನಾವಿಬ್ರ ಹೋಗಿ ಬರ್ತೀವಿ," ಎಂದರು ಅತ್ತೆ. ಗಂಡಸರ ಜೊತೆಯಿಲ್ಲದೆ ಅವರು ಬಸ್ಸು ಹತ್ತಿದ್ದು ಅದೇ ಮೊದಲು. ಬಕೀಟಿನಲ್ಲಿ ಕಾಗದ, ಚಪ್ಪಲಿ, ಕಾಂಪೌಂಡ್ ಡಬ್ಬಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಲಿಂಗಸುಗೂರು ಹತ್ತಿರವಾದಾಗ ಮುಂದಿನ ಸೀಟಿನ ಬೆನ್ನಿನ ತಗಡನ್ನು ಬೆರಳಿಂದ ಸವರಿ, ಮುಖ ಸಿಂಡರಿಸಿ, ನನ್ನ ಕಿವಿಯಲ್ಲಿ, "ಇದಕ್ಕ ಐನೂರ ನಂಬರಿನಿಂದ ಹಿಡೀಬೇಕವ್ವ," ಎಂದರು. ಆಮೇಲೆ ಮುಂದೆ ಕೂತವರ ನುಣ್ಣನೆಯ ಬೋಳುತಲೆಯನ್ನು ಕಣ್ಣಲ್ಲೇ ತೋರಿಸಿ, "ಇದಕ್ಕ ಬರೇ ಪಾಲಿಶ್ ಸಾಕು," ಎಂದರು.

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅವರು ಬಕೀಟಿನಲ್ಲಿ ಮುಖ ಹುದುಗಿಸಿದರು. ಬಕೀಟಿನೊಳಗಿಂದ ಸೀಟಿಯಂಥ ನಗು ಕೇಳಿ ಬೋಳುತಲೆಯವರು ಹಿಂತಿರುಗಿ ನೋಡಿದರು, ಅದಕ್ಕೆ ಇನ್ನಷ್ಟು ನಕ್ಕೆವು. ಕಣ್ಣೊರೆಸಿಕೊಂಡು ಹೊರಗೆ ನೋಡುವಷ್ಟರಲ್ಲಿ ಬಸ್ಸು ಲಿಂಗಸುಗೂರಿನ ನಿಲ್ದಾಣ ಬಿಟ್ಟು ಮುಂದೆ ಸಾಗಿತ್ತು. ಕಂಡಕ್ಟರ್ ಬೈಯುತ್ತಲೇ ಸೀಟಿ ಊದಿ ಊರ ಹೊರಗೆ ಇಳಿಸಿದ. ಬಕೀಟಿನ ಹಿಡಿಕೆಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಊರಿನತ್ತ ಹಿಂದಕ್ಕೆ ನಡೆದೆವು.